ಕೇಸರಿ ಮೇಲೆ ಇದ್ದಾ?

ನಮ್ಮ ಓಣಿಯ ಅಕ್ಕೋರು ಶಾಲೆಯಲ್ಲಿ ಕಲಿಸುವ ಕೆಲಸದಿಂದ ನಿವೃತ್ತರಾಗಿದ್ದರು, ನಮ್ಮನ್ನು ತಿದ್ದುವ ಕೆಲಸದಿಂದ ಅಲ್ಲ. ಈಗೀಗ ಆಗಸ್ಟ್ ಬಂದರೆ ಶಿರಸಿಯಲ್ಲಿ ಮನೆಮನೆಗೂ ಬಾವುಟ ಕಟ್ಟುತ್ತಾರಲ್ಲ, ಅದರ ಹಿಂದೆಯೇ ಅಕ್ಕೋರು ಬಂದು ಛತ್ರಿಯ ತುದಿಯಿಂದ ಗೇಟು ಬಡಿಯುತ್ತಿದ್ದರು.

"ತಮಾ, ಕೇಸರಿ ಮೇಲೆ ಇದ್ದಾ?"

ಇದೆ ಎಂದರೆ ನಂಬುವ ಜನವಲ್ಲ. ಅಂಗಳಕ್ಕೆ ಇಳಿದು, ಅವರ ಎದುರಿಗೇ ನಾನು ಕತ್ತೆತ್ತಿ ನೋಡಬೇಕು. ಒಮ್ಮೆ ಬಾವುಟದ ಪಕ್ಕದಲ್ಲಿ ಟವೆಲ್ ಒಣಗುತ್ತಿದ್ದುದಕ್ಕೆ ಅವರು ಕೊಟ್ಟ ಪಾಠದಲ್ಲಿ ಚಹಾ ತಣ್ಣಗಾಗಿ, ನನ್ನ ತಲೆ ಚಿಟ್ಟು ಹಿಡಿದಿತ್ತು.

ಒಂದು ವರ್ಷ ಓಣಿಯ ಧ್ವಜಾರೋಹಣಕ್ಕೆ ಬಾವುಟ ಮಡಚಿ, ಒಳಗೆ ಹೂವಿನ ಎಸಳು ತುಂಬಿ, ಹಗ್ಗಕ್ಕೆ ಕಟ್ಟಿದ್ದು ಅವರೇ. ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಹಿರಿಯರೊಬ್ಬರು ಹಗ್ಗ ಎಳೆದರು, ಹೂವು ಉದುರಿತು, ನಾವೆಲ್ಲ ರಾಷ್ಟ್ರಗೀತೆ ಶುರುಮಾಡಿದೆವು. ತಲೆಯೆತ್ತಿದರೆ ಹಸಿರು ಮೇಲಿತ್ತು, ಕೇಸರಿ ಕೆಳಗಿತ್ತು.

ಅಕ್ಕೋರೂ ನೋಡಿದರು. ಆದರೆ ರಾಷ್ಟ್ರಗೀತೆ ನಡೆಯುವಾಗ ಯಾರೂ ಅಲುಗಾಡಬಾರದು ಎಂದು ನಮ್ಮೆಲ್ಲರ ತಲೆ ತಿಂದಿದ್ದೂ ಅವರೇ. ಮುಖ ಕೆಂಪೇರಿದರೂ ಬೆರಳೊಂದನ್ನೂ ಕದಲಿಸದೆ ಕೊನೆಯವರೆಗೆ ಹಾಡಿದರು.

ಮುಗಿಯುವುದೇ ತಡ, ಇಷ್ಟು ವರ್ಷದ ಸಿಟ್ಟೆಲ್ಲ ಸೇರಿಸಿ ಕೇಳಿಯೇಬಿಟ್ಟೆ: "ಅಕ್ಕೋರೆ, ಕೇಸರಿ ಮೇಲೆ ಇದ್ದಾ?"

"ಇಲ್ಲೆ ತಮಾ. ಇಳ್ಸು," ಎಂದರು.

ಬಿಚ್ಚಿ ಸರಿಯಾಗಿ ಕಟ್ಟಿ ಮತ್ತೆ ಏರಿಸಿದರು. ಅಷ್ಟಕ್ಕೇ ಬಿಟ್ಟರೇ? ತೆರೆದಿದ್ದ ಲಾಡಿನ ಡಬ್ಬಿ ಮುಚ್ಚಿಸಿ, "ಎಲ್ಲ ಮತ್ತೆ ಮೊದ್ಲಿಂದ ಹಾಡಿ" ಎಂದರು. ಗೊಣಗುತ್ತಲೇ ಮತ್ತೆ ನಿಂತೆವು, ಹಾಡಿದೆವು. ಈ ಸಲ ಅವರ ದನಿ ಮಾತ್ರ ಕೇಳಲಿಲ್ಲ. ಓರೆಗಣ್ಣಿನಿಂದ ನೋಡಿದೆ. ಕಣ್ಣೀರು ಗಲ್ಲದವರೆಗೆ ಇಳಿದಿತ್ತು. ಒರೆಸಿಕೊಳ್ಳಲು ಆ ಪುಣ್ಯಾತ್ಗಿತ್ತಿ ಕೈ ಎತ್ತಲಿಲ್ಲ.