ಗಡಿಯಾರದ ಫೋಟೋ

ನಾನು ಮದುವೆಯಾಗಿ ರಾಮದುರ್ಗದಿಂದ ಬೈಲಹೊಂಗಲಕ್ಕೆ ಬಂದ ಮರುದಿನವೇ ಗಂಡನ ಮನೆಯ ಗೋಡೆ ಗಡಿಯಾರ ನಿಂತಿತು. ಗಂಡನ ಮುತ್ತಜ್ಜ ತಂದಿದ್ದ ಗಡಿಯಾರವದು. "ಈಕಿ ಕಾಲ್ಗುಣ" ಎಂದು ಅತ್ತೆ ತೀರ್ಪು ಕೊಟ್ಟರು. ಸಂಜೆಯೊಳಗೆ ಓಣಿಯ ಕಟ್ಟೆಗಳಿಗೆಲ್ಲ ಸುದ್ದಿ ಮುಟ್ಟಿತ್ತು. ಕುಣಿಯಲಾರದವಳಿಗೆ ನೆಲ ಡೊಂಕಂತೆ. ಗಡಿಯಾರ ನಿಂತರೆ ಸೊಸೆಯ ಕಾಲು ಡೊಂಕು!

ಆಮೇಲೆ ಹಾಲು ಒಡೆದರೂ ನಾನೇ, ಎಮ್ಮೆ ಒದ್ದರೂ ನಾನೇ. ಗಂಡ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಗಡಿಯಾರವನ್ನು ಬಿಚ್ಚಿ ನೋಡೋಣವೆಂದರೆ ಅದಕ್ಕೊಂದು ಕಟ್ಟಳೆ. ಹಿಂದೊಮ್ಮೆ ಸವದತ್ತಿಯಲ್ಲಿ ರಿಪೇರಿಯಾಗಿ ಬಂದಾಗ ಒಳಗಿನ ಅಸಲಿ ಚಕ್ರ ಬದಲಾಗಿದೆಯೆಂದು ಮುತ್ತಜ್ಜನಿಗೆ ಗುಮಾನಿ. ಇನ್ನು ಯಾರೂ ಇದನ್ನು ಬಿಚ್ಚಬಾರದೆಂದು ಆಣೆ ಹಾಕಿಸಿದ್ದರು. ಮಹಾನವಮಿಗೆ ಪೂಜೆ, ವಾರಕ್ಕೊಮ್ಮೆ ಮಾವನವರ ಕೈಯಿಂದ ಕೀಲಿ, ಅಷ್ಟೇ.

ನಾನು ಹುಬ್ಬಳ್ಳಿಯಲ್ಲಿ ಎಕ್ಸ್‌ರೇ ಕೆಲಸ ಕಲಿತವಳು. ಬೈಲಹೊಂಗಲದ ಡಾಕ್ಟರೊಬ್ಬರ ದವಾಖಾನೆಯಲ್ಲಿ ನೌಕರಿಯೂ ಸಿಕ್ಕಿತ್ತು.

"ಬಿಚ್ಚೂದಿಲ್ರಿ, ಫೋಟೋ ತಗೀತೇನಿ" ಎಂದೆ. ಮಾವನವರಿಗೆ ಬೇಡವೆನ್ನಲು ನೆವ ಸಿಗಲಿಲ್ಲ.

ಡಾಕ್ಟರು ನಕ್ಕು ಒಪ್ಪಿದರು. ಗಡಿಯಾರವನ್ನು ರೋಗಿಯ ಹಾಗೆ ಮೇಜಿನ ಮೇಲೆ ಮಲಗಿಸಿದೆ. ಮೊದಲ ಫಿಲ್ಮಿನಲ್ಲಿ ಹಿತ್ತಾಳೆ ಪೂರ್ತಿ ಬೆಳ್ಳಗೆ ಬಿದ್ದು ಏನೂ ಕಾಣಲಿಲ್ಲ. ದಪ್ಪ ಮನುಷ್ಯರ ಸೊಂಟಕ್ಕೆ ಕೊಡುವುದಕ್ಕಿಂತ ಹೆಚ್ಚು ಕಿರಣ ಕೊಟ್ಟು ಇನ್ನೊಂದು ತೆಗೆದೆ. ತೊಳೆದು ಬೆಳಕಿಗೆ ಹಿಡಿದಾಗ ಹಲ್ಲುಚಕ್ರಗಳು ಒಂದರ ಹಿಂದೊಂದು ಕಂಡವು. ಪಕ್ಕದಲ್ಲಿ, ಕೀಲಿ ಕೊಟ್ಟಾಗ ಬಿಗಿಯುವ, ಚಕ್ಕುಲಿಯ ಹಾಗೆ ಸುತ್ತಿದ ಸ್ಪ್ರಿಂಗು ತುಂಡಾಗಿತ್ತು. ಜೋರಾಗಿ ನಕ್ಕುಬಿಟ್ಟೆ.

ಮನೆಗೆ ಬಂದು ಅತ್ತೆ-ಮಾವನವರ ಮುಂದೆ ಫಿಲ್ಮನ್ನು ಕಿಟಕಿಗೆ ಹಿಡಿದೆ.

"ಸ್ಪ್ರಿಂಗ್ ಮುರದೈತ್ರಿ. ಅವತ್ತ ಕೀಲಿ ಕೊಟ್ಟವರು ಯಾರ್ರಿ?"

ಮಾವನವರು ಹತ್ತಿರ ಬಂದು ಸ್ಪ್ರಿಂಗು ತುಂಡಾದ ಜಾಗವನ್ನು ಬೆರಳಿನಿಂದ ಮುಟ್ಟಿದರು. "ನಾನಽ. ಮದುವಿ ಖುಷಿಯೊಳಗ ಒಂದೀಟು ಜಾಸ್ತಿ ತಿರುವಿದೆ. ಖಟ್ ಅಂತು. ಸುಮ್ಮನಾದೆ."

ಸುಮ್ಮನಾದರಂತೆ! ಅವರು ಸುಮ್ಮನಿದ್ದ ಅಷ್ಟೂ ದಿನ ಬೈಗುಳ ತಿಂದವಳು ನಾನು.

"ಹಳೇದಾಗಿತ್ತು, ಮುರೀತು. ಯಾರೇನ ಮಾಡಾಕಾಗತೈತಿ?" ಎಂದರು ಅತ್ತೆ. ತಪ್ಪು ತಮ್ಮ ಗಂಡನ ಮೇಲೆ ಬಂದ ಕೂಡಲೇ ಅದು ಬರೀ ಹಳೆಯ ಗಡಿಯಾರವಾಯಿತು.

ಅತ್ತೆ ಒಳಗೆ ಹೋಗಿ ಚಹಾ ಮಾಡಿ ತಂದು, ಎಂದೂ ಇಲ್ಲದೆ ಮೊದಲು ನನಗೇ ಕೊಡಲು ಬಂದರು. ನಾನು ಕಪ್ಪು ಮುಟ್ಟಲಿಲ್ಲ. ಫಿಲ್ಮನ್ನೂ ಕೆಳಗಿಳಿಸಲಿಲ್ಲ.

"ತಪ್ಪಾತವಾ, ಕುಡಿ" ಎಂದು ಮೆಲ್ಲಗೆ ಗೊಣಗಿದರು.

"ಓಣ್ಯಾಗ ಕಾಲ್ಗುಣ ಅಂದ್ರಿ, ತಪ್ಪಾತನ್ನೂದನ್ನೂ ಓಣ್ಯಾಗಽ ಹೇಳಿ ಬರ್ರಿ, ಅತ್ತಿ" ಎಂದು ಬಾಗಿಲು ತೆರೆದೆ.