ಕುಂಟೆ ದಂಡೆಯ ಸದ್ದಿಲ್ಲದ ನಗು

ನನಗೆ ಮೂಗಿನ ತುದಿಯಲ್ಲೇ ಕೋಪ. ಬಿಪಿ ಏರಿದಾಗ ಡಾಕ್ಟರು ಮಾತ್ರೆ ಬರೆದುಕೊಟ್ಟು, ನಗೆಕೂಟಕ್ಕೂ ಸೇರಿಕೊಳ್ಳಿ ಎಂದರು. ರಾಜರಾಜೇಶ್ವರಿನಗರದ ನಮ್ಮ ಲೇಔಟಿನ ಹಿಂದಿರುವ ನೀರಿನ ಕುಂಟೆಯ ದಂಡೆಯಲ್ಲಿ ದಿನಾ ಬೆಳಿಗ್ಗೆ ಹತ್ತಾರು ಜನ ನಿಂತು, ಕೈ ಮೇಲೆತ್ತಿ, ಹೊಟ್ಟೆಯಿಂದ ‘ಹೊಹ್ಹೊಹ್ಹೋ’ ಎನ್ನುತ್ತಿದ್ದೆವು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದು, ಹಾಗಾಗಿ ನನ್ನನ್ನೇ ಲೀಡರ್ ಮಾಡಿದರು. ನಿಜವಾದ ನಗು ಮಾತ್ರ ಒಂದು ದಿನವೂ ಬಂದಿರಲಿಲ್ಲ.

ಕುಂಟೆಯೋ, ಗಬ್ಬು ನಾರುತ್ತಿತ್ತು. ಮೂಗು ಮುಚ್ಚಿಕೊಂಡು ಯಾರಾದರೂ ನಗುತ್ತಾರೆಯೇ? ಬೈದು, ಗದರಿ, ಎಲ್ಲರನ್ನೂ ಕೆಸರಿಗಿಳಿಸಿದೆ. ಭಾನುವಾರಗಳೆಲ್ಲ ಅದಕ್ಕೇ ಹೋದವು. ಹಳೇ ಹಾಸಿಗೆ, ಗಣಪತಿ ಕೂರಿಸಿದ ಮಣೆಗಳು, ಒಂದು ಇಡೀ ಕಮೋಡು ಹೊರಬಂದವು. ಬಂದವರು ಕೂರಲೆಂದು ಬೆಂಚು ಹಾಕಿಸಿದೆವು, ಜೊಂಡನ್ನು ಹಕ್ಕಿಗಳಿಗೆ ಬಿಟ್ಟೆವು. ಮಳೆ ಬಂದು ನೀರು ತಿಳಿಯಾದ ಮೇಲೆ ನಾಮದ ಕೋಳಿ ಎಂಬ ನೀರುಹಕ್ಕಿಯ ಒಂದು ಜೋಡಿ ಬಂದು ಜೊಂಡಿನಲ್ಲಿ ಗೂಡು ಕಟ್ಟಿ ಮೊಟ್ಟೆಯಿಟ್ಟವು. ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ.

“ನಮ್ಮೋರೇ ಕಣ್ರೀ,” ಎಂದರು ಕೂಟದ ಅಯ್ಯಂಗಾರ್ ಆಂಟಿ.

ಆದರೆ ನಾವು ‘ಹೊಹ್ಹೋ’ ಎಂದ ಕೂಡಲೇ ಕೋಳಿ ಗೂಡು ಬಿಟ್ಟು ಓಡುತ್ತಿತ್ತು. ಹೀಗಾದರೆ ಮೊಟ್ಟೆಗಳು ತಣ್ಣಗಾಗಿ ಕೆಟ್ಟುಹೋಗುತ್ತವಲ್ಲ ಎಂದು ನನಗೆ ಸಂಕಟವಾಯಿತು. ಅವು ಒಡೆದು ಮರಿಯಾಗಬೇಕು, ನನಗೆ ಬೇಕಿದ್ದದ್ದು ಅಷ್ಟೇ. ಬೇರೆ ಕಡೆ ಹೋಗಿ ನಗೋಣ ಎಂದರೆ ಯಾರೂ ಒಪ್ಪಲಿಲ್ಲ.

“ಕೆಸರೆತ್ತಿದ್ದು ನಾವು. ನಾವ್ಯಾಕೆ ಹೋಗ್ಬೇಕು ಮೇಡಂ?” ಎಂದರು.

“ಹಾಗಾದ್ರೆ ಸದ್ದಿಲ್ದೆ ನಗಿ. ಯಾರ ಗಂಟಲಿಂದ ಏನಾದ್ರೂ ಬಂತೋ, ನೋಡಿ ಮತ್ತೆ,” ಎಂದೆ.

ಮರುದಿನ ಬಾಯಿ ಅಗಲಿಸಿ, ಕೈ ಎತ್ತಿ, ಭುಜ ಕುಣಿಸುತ್ತಾ ನಿಂತೆವು. ಕುಂಟೆ ನೋಡಲು ಬಂದಿದ್ದವನೊಬ್ಬ ಗಾಬರಿಯಿಂದ ಆಂಟಿಯ ಹತ್ತಿರ ಓಡಿಬಂದ.

“ಆಂಟಿ, ಯಾರಾದ್ರೂ ಮುಳುಗಿದ್ರಾ?”

“ಇಲ್ಲ ಕಣಪ್ಪ, ನಗ್ತಾ ಇದೀವಿ,” ಎಂದು ಆಂಟಿ ಪಿಸುಗುಟ್ಟಿದರು.

ತಗೋ, ನನಗೆ ನಿಜವಾದ ನಗು ಬಂದೇಬಿಟ್ಟಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಬೆಂಚಿನ ಮೇಲೆ ಕುಸಿದೆ. ಉಳಿದವರೂ ಹೊಟ್ಟೆ ಹಿಡಿದುಕೊಂಡು ಬಗ್ಗಿದರು. ಒಬ್ಬರೂ ಸದ್ದು ಮಾಡಲಿಲ್ಲ. ಕೋಳಿ ಗೂಡಿನಿಂದ ಕದಲಲಿಲ್ಲ.

ಹೀಗೇ ಹೊಟ್ಟೆ ನೋಯಿಸಿಕೊಂಡು ದಿನ ತಳ್ಳಿದೆವು. ಒಂದು ಬೆಳಿಗ್ಗೆ ಕೆಂಪು ಬೋಳುತಲೆಯ ಮರಿಗಳು ಅಮ್ಮನ ಹಿಂದೆ ಈಜುತ್ತಾ ಜೊಂಡಿನಿಂದ ಹೊರಬಂದವು. ಅಷ್ಟು ಕುರೂಪಿ ಮರಿಗಳನ್ನು ನಾನು ನೋಡಿಯೇ ಇರಲಿಲ್ಲ. ಅದೇನು ಖುಷಿಯಾಯಿತೋ, ತಡೆಯಲಾಗದೆ ಗಟ್ಟಿಯಾಗಿ ಅತ್ತುಬಿಟ್ಟೆ.

ಇಡೀ ನಗೆಕೂಟ ನನ್ನ ಕಡೆ ತಿರುಗಿ “ಶ್ಶ್” ಎಂದು ಗದರಿತು.