ನಮ್ಮವರ ಗಾಂಧಾರ

ನನ್ನ ಗಂಡನಿಗೆ ಶಿವರಂಜನಿ ಒಲಿದವಳಲ್ಲ. ಕಂಠವೇನೋ ಒಳ್ಳೆಯದೇ; ಇಗರ್ಜಿಯ ಕ್ವಾಯರಿನಲ್ಲಿ ಗಿಟಾರ್ ಹಿಡಿದು ಬೆಳೆದವರು. ಆದರೆ ಎಂಥ ಅಳುವ ಸಿನಿಮಾ ಹಾಡು ಕೊಟ್ಟರೂ ಗಾಂಧಾರ ಸ್ವರವನ್ನು ಒಂದು ಮೆಟ್ಟಿಲು ಮೇಲೆ ಹತ್ತಿಸಿಬಿಡುತ್ತಾರೆ. ಅಷ್ಟು ಸಾಕು, ಅಳುವ ರಾಗ ಶಿವರಂಜನಿ ಹೋಗಿ ನಗುವ ರಾಗ ಮೋಹನವಾಗುತ್ತದೆ. ಎರಡಕ್ಕೂ ಉಳಿದ ಸ್ವರಗಳೆಲ್ಲ ಒಂದೇ. ಹೀಗೆ ಅಗಲಿಕೆಯ ಹಾಡು ಅವರ ಬಾಯಲ್ಲಿ ಹಬ್ಬದ ಹಾಡಾಗುತ್ತದೆ.

ನನಗೆ ಅದು ಸಹಿಸಲಾಗದು. ಜೆಪ್ಪುವಿನ ನಮ್ಮ ತವರಿನಲ್ಲಿ ಪಕ್ಕದ ಮನೆಯ ಸಂಗೀತದ ಟೀಚರ್ ನನ್ನ ಕಿವಿ ಹಿಂಡಿ ತಿದ್ದಿದ್ದರು. ಸಿನಿಮಾ ಹಾಡೆಂದರೆ ಅವರಿಗೆ ಮಡಿ ಇರಲಿಲ್ಲ. ನಾಯಕಿ ಕಿಟಕಿಯ ಸರಳು ಹಿಡಿದು ನಿಂತಳೆಂದರೆ ಶಿವರಂಜನಿ ಬಂತೆಂದೇ ಲೆಕ್ಕ ಎಂದು ನಗುತ್ತಿದ್ದರು. ಹಾಡು ಶುರುವಾದ ಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದವರೂ ಅವರೇ.

ಮದುವೆಯಾದ ಮೇಲೆ ನಮ್ಮವರು ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ಅಂಥದೇ ಒಂದು ಹಾಡನ್ನು ದಿನಾ ಕೊಲ್ಲುತ್ತಿದ್ದರು.

"ಅಲ್ಲ ಮಾರಾಯ್ರೆ, ಗಾಂಧಾರ ಕೆಳಗೆ ಇಳಿಸಿ. ಅವಳು ಅಲ್ಲಿ ಅಳ್ತಾ ಇದ್ದಾಳೆ, ನೀವು ಮದುವೆ ಊಟ ಬಡಿಸ್ತಾ ಇದ್ದೀರಿ!"

"ಅವಳು ಅಳ್ಲಿ ಮಾರಾಯ್ತಿ. ನಾನು ಯಾಕೆ ಅಳ್ಬೇಕು? ನನಗೆ ಎಂತ ಕಮ್ಮಿ ಉಂಟು?"

ಆಮೇಲೆ ಅವರು ಗಲ್ಫಿಗೆ ಹೋದರು. ಬಜಪೆ ವಿಮಾನ ನಿಲ್ದಾಣದಲ್ಲಿ ಟ್ರಾಲಿ ತಳ್ಳುತ್ತಾ ಒಳಗೆ ಹೋಗುವಾಗಲೂ ಅದನ್ನೇ ಗುನುಗುತ್ತಿದ್ದರು, ಅದೇ ತಪ್ಪು ಗಾಂಧಾರ.

ಈ ವರ್ಷ ಅವರ ಕಾಂಟ್ರಾಕ್ಟ್ ಮುಗಿಯುವುದಿತ್ತು. ಇನ್ನೂ ಎರಡು ವರ್ಷಕ್ಕೆ ಸಹಿ ಹಾಕಿ ಎಂದು ಕಂಪೆನಿಯವರು ಕೇಳಿದರು. "ನೀನು ಹೇಳಿದ ಹಾಗೆ ಮಾಡ್ತೇನೆ. ಇಲ್ಲಿ ನನಗೆ ಆರಾಮ ಉಂಟು" ಎಂದು ನಮ್ಮವರು ಫೋನಿನಲ್ಲಿ ಹೇಳಿಬಿಟ್ಟರು. ಆರಾಮ ಇದ್ದವರನ್ನು ಬನ್ನಿ ಎಂದು ಹೇಗೆ ಕರೆಯುವುದು? ನನಗೆ ಅವರು ಬೇಕಿತ್ತು, ಅಷ್ಟೆ. ಹೇಳಲು ನಾಲಿಗೆ ಏಳಲಿಲ್ಲ. ನನ್ನ ಜಂಭಕ್ಕಿಷ್ಟು ಬೆಂಕಿ ಬೀಳಲಿ!

ಒಂದು ದಿನ ಬಿಕರ್ನಕಟ್ಟೆಯ ಬಾಲಯೇಸುವಿನ ಇಗರ್ಜಿಗೆ ಹೊರಟಿದ್ದೆ. ಬಸ್ಸಿನಲ್ಲಿ ಅದೇ ಹಾಡು ಹಾಕಿದರು. ಗಾಯಕಿಯ ಗಾಂಧಾರ ಕೂದಲೆಳೆಯಷ್ಟೂ ಆಚೀಚೆ ಇಲ್ಲ. ನನಗೆ ಸಿಟ್ಟೇ ಬಂತು. ಇಷ್ಟು ಸರಿಯಾದ ಹಾಡು ಯಾರಿಗೆ ಬೇಕು? ತೆಂಗಿನಕಾಯಿ ತುರಿಯುವ ಸದ್ದಿಲ್ಲ, ತಪ್ಪಿಲ್ಲ, ಬೈಯಲು ಜನವಿಲ್ಲ. ಮುಖ ಕಿಟಕಿಯ ಕಡೆ ತಿರುಗಿಸಿ ಕೂತೆ. ಟೀಚರ್ ಇದ್ದಿದ್ದರೆ ನಗುತ್ತಿದ್ದರು.

ಸಹಿ ಹಾಕುವ ಹಿಂದಿನ ಸಂಜೆ ಅವರೇ ಫೋನ್ ಮಾಡಿದರು. ಊಟ ಆಯಿತಾ, ಮಳೆ ಉಂಟಾ, ಎಲ್ಲ ಆಯಿತು.

"ಒಂದು ಹಾಡು ಹೇಳಿ" ಎಂದೆ.

"ಈಗಲಾ? ರೂಮಿನಲ್ಲಿ ಜನ ಇದ್ದಾರೆ."

"ಮೆಲ್ಲ ಹೇಳಿ."

ಅದೇ ಹಾಡನ್ನು ಹೇಳಿದರು. ಪಲ್ಲವಿಯ ತುದಿಗೆ ಗಾಂಧಾರ ಬರುವ ಜಾಗಕ್ಕೆ ನಾನು ಬೈಯಲು ಬಾಯಿ ತೆರೆದು ಕಾದೆ. ಸ್ವರ ಮೇಲೆ ಹತ್ತಲಿಲ್ಲ. ಎಲ್ಲಿ ಇಳಿಯಬೇಕಿತ್ತೋ ಅಲ್ಲಿ ಇಳಿದು, ನಡುಗಿ, ನಿಂತಿತು. ಅಪ್ಪಟ ಶಿವರಂಜನಿ.

"ಸಹಿ ಹಾಕ್ಬೇಡಿ. ಬನ್ನಿ" ಎಂದೆ.

"ಯಾಕೆ, ಪುನಃ ತಪ್ಪಿತಾ?"

"ಇಲ್ಲ ಮಾರಾಯ್ರೆ, ಸರಿ ಬಂತು. ಅದಕ್ಕೇ ಹೇಳುದು, ಬನ್ನಿ."